ಪಾದ್ರಿಗಳ ಟ್ರಂಕು: ಒಂದು ವಿಮರ್ಶೆ

"ಈ ಸಂಚಿಕೆಗೆ ಒಂದು ಪುಸ್ತಕ ವಿಮರ್ಶೆ ಬರೆದುಕೊಡಿ, ಆದರೆ ಪುಟ ಮೀರಬೇಡಿ, ಜೆರಾಕ್ಸಿನ ಖರ್ಚು ನಿಮಗೆ ಗೊತ್ತೇ ಇದೆ" ಎಂದು ಸಂಪಾದಕರು ಫೋನು ಮಾಡಿದಾಗ ಹೂಂ ಎಂದುಬಿಟ್ಟೆ. ಆದರೆ ಈ ಸಲ ನನ್ನ ಕೈಯಲ್ಲಿ ಪುಸ್ತಕವಿಲ್ಲ. ಇರುವುದು ಮೂರು ಟ್ರಂಕು ಮತ್ತು ಅವುಗಳಿಂದ ಎದ್ದ ಒಂದಷ್ಟು ಪ್ರಶ್ನೆಗಳು. ಪುಸ್ತಕವನ್ನು ಹೇಗೆ ಗುಣದೋಷ ನೋಡಿ ಓದುತ್ತೇವೆಯೋ ಹಾಗೆಯೇ ಕಾಗದಪತ್ರಗಳ ಭಂಡಾರವನ್ನೂ ಓದಬಹುದು ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ಓದುಗರು ಸಹಿಸಿಕೊಳ್ಳಬೇಕು.

ಟ್ರಂಕಿನ ಕಥೆ ಹೀಗೆ. ಹ್ಯೂಸ್ಟನ್ ಕಡೆಯ ನಮ್ಮ ಹಿರಿಯ ಸದಸ್ಯೆಯೊಬ್ಬರು, ಧಾರವಾಡದವರು, ಎಲ್ಲರೂ 'ಅವ್ವಾರು' ಎಂದೇ ಕರೆಯುತ್ತೇವೆ. ಮಗ ಮನೆ ಬದಲಾಯಿಸುತ್ತಿದ್ದಾನೆ, ಗ್ಯಾರೇಜು ಖಾಲಿ ಮಾಡಬೇಕು. ಅಲ್ಲಿ ತವರಿನಿಂದ ಬಂದ ಮೂರು ತಗಡಿನ ಟ್ರಂಕು. ಅವರ ಅಜ್ಜ ಬಾಸೆಲ್ ಮಿಷನ್ನಿನ ಸಭೆಯೊಂದರಲ್ಲಿ ಸಭಾಪಾಲಕರಾಗಿದ್ದವರು. "ನೀವು ಪುಸ್ತಕಾ ಓದಾವ್ರು ಅದೀರಿ, ಇವನ್ನ ಏನ್ ಮಾಡ್ಲಿ ಹೇಳ್ರಿ. ನಮ್ಮ ಹುಡುಗ ಒಗದ ಬಿಡು ಅಂತಾನ. ನಮ್ಮಜ್ಜಾರ ಕೈಬರಹ ರೀ, ಹೆಂಗ ಒಗೀಲಿ?" ಎಂದು ಕೇಳಿದರು. ಒಂದು ಶನಿವಾರ ಹೋಗಿ, ಚಾಪೆ ಹಾಸಿ, ಮುಚ್ಚಳ ತೆರೆದು ಕುಳಿತೆ.

ಒಳಗೆ ಇದ್ದದ್ದು ಇಷ್ಟು: ಪ್ರಸಂಗಗಳನ್ನು ಬರೆದಿಟ್ಟ ನೋಟು ಪುಸ್ತಕಗಳು, ದಾರದಿಂದ ಕಟ್ಟಿದ ಪೋಸ್ಟ್ ಕಾರ್ಡುಗಳು, ಮನೆಖರ್ಚಿನ ಲೆಕ್ಕ, ಹಾಡಿನ ಪುಸ್ತಕ, ಕೆಲವು ಫೋಟೋ, ಮತ್ತು ಕಪ್ಪು ರಟ್ಟಿನ ಒಂದು ಸಣ್ಣ ಪುಸ್ತಕ. ಅದರ ಮಾತು ಕೊನೆಗೆ ಬರುತ್ತದೆ.

ಮೊದಲ ನೋಟು ಪುಸ್ತಕ ತೆರೆದಾಗಲೇ ಇದು ಒಗೆಯುವ ವಸ್ತುವಲ್ಲ ಎಂದು ತಿಳಿಯಿತು. ಪ್ರಸಂಗದ ಪಕ್ಕದಲ್ಲಿ ಪೆನ್ಸಿಲಿನಿಂದ "ಇಂದು ಮಳೆ. ಹನ್ನೊಂದು ಜನ" ಎಂದು ಬರೆದಿದೆ. ಇನ್ನೊಂದು ಕಡೆ 'ಪಶ್ಚಾತ್ತಾಪ' ಎಂಬ ಮಾತನ್ನು ಹೊಡೆದುಹಾಕಿ ಮೇಲೆ 'ಮನಸ್ಸು ತಿರುವೋದು' ಎಂದು ಬರೆದುಕೊಂಡಿದ್ದಾರೆ. ಮುಂದೆ ಕುಳಿತಿದ್ದ ರೈತಾಪಿ ಜನಕ್ಕೆ ಸಂಸ್ಕೃತದ ಮಾತು ಹತ್ತುವುದಿಲ್ಲ ಎಂದು ಅಯ್ಯನವರಿಗೆ ಅನ್ನಿಸಿರಬೇಕು. ಆ ಒಂದು ಗೀಟಿನಲ್ಲಿ ಒಬ್ಬ ಮನುಷ್ಯ ಯೋಚಿಸುತ್ತಿರುವುದು ಕಾಣುತ್ತದೆ. ಅಚ್ಚಾದ ಪುಸ್ತಕದಲ್ಲಿ ಈ ಗೀಟು ಇರುವುದಿಲ್ಲ.

ಮನೆಗೆ ಬಂದ ಮೇಲೆ ಪ್ರಶ್ನೆ ದೊಡ್ಡದಾಯಿತು. ಪ್ರಾಟೆಸ್ಟೆಂಟ್ ಪಾದ್ರಿಗಳ ಸ್ವಂತ ಕಾಗದಪತ್ರಗಳನ್ನು ಚರ್ಚುಗಳ ಪತ್ರಾಗಾರಗಳು ಹೇಗೆ ಉಳಿಸಿಕೊಂಡಿವೆ? ಯಾರದ್ದು ಉಳಿದಿದೆ, ಯಾರದ್ದು ಉಳಿದಿಲ್ಲ? ಇದರಲ್ಲಿ ಕನ್ನಡಿಗರಾದ ನಮ್ಮ ಪಾಲೆಷ್ಟು?

ನಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸಂಕ್ರಾಂತಿಗೆ ಎಳ್ಳು ಬೀರುವ ಸಂಘದ ಪತ್ರಿಕೆಯಲ್ಲಿ ಮತಾಂತರ ಮಾಡಲು ಬಂದವರ ಕಾಗದದ ಚಿಂತೆ ಏಕೆ ಎಂದು. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಪುಸ್ತಕದ ಕಪಾಟಿನಲ್ಲೇ ಇದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ಹೊರಡಿಸಿದವರು ಹೆರ್ಮನ್ ಮೋಗ್ಲಿಂಗ್ (1811-1881) ಎಂಬ ಪಾದ್ರಿ. 1848ರಿಂದ 1853ರವರೆಗೆ, ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ, 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚುಹಾಕಿಸಿದವರೂ ಅವರೇ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ (1832-1903) ನಾಲ್ಕು ದಶಕದ ಮೇಲೆ, 1894ರಲ್ಲಿ, ಸುಮಾರು 70,000 ಪದಗಳ ನಿಘಂಟನ್ನು ನಮ್ಮ ಕೈಗಿತ್ತರು. ಅವರು ಇವನ್ನು ಮಾಡಿದ್ದು ನಮ್ಮ ಜನರನ್ನು ಅರಿತು ತಮ್ಮ ಮತವನ್ನು ಸಾರಲೆಂದೇ; ಅದನ್ನು ಮರೆಮಾಚಬೇಕಾಗಿಲ್ಲ. ಉದ್ದೇಶ ಅವರದು, ಉಳಿದ ಫಲ ನಮ್ಮದೂ ಹೌದು. ಉದ್ದೇಶಕ್ಕೂ ಫಲಕ್ಕೂ ನಡುವೆ ಏನು ನಡೆಯಿತು ಎಂದು ತೂಗಿನೋಡಬೇಕಾದರೆ ಅವರ ಕಾಗದಗಳೇ ಬೇಕು. ಹೊಗಳುವವರಿಗೂ ಬೇಕು, ತೆಗಳುವವರಿಗೂ ಬೇಕು.

ಬಾಸೆಲ್ ಭಂಡಾರದ ಗುಣ

ಈಗ ಬಾಸೆಲ್‌ನ ಪತ್ರಾಗಾರವನ್ನು ಒಂದು ಪುಸ್ತಕವೆಂದೇ ತಿಳಿದು ನೋಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್ನು 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ನಮ್ಮ ಕರಾವಳಿಗೆ ಕಳುಹಿಸಿತು. ಕಳುಹಿಸಿದವರು ಬಲು ಶಿಸ್ತಿನ ಜನ. ಹೋದವರು ಕ್ರಮವಾಗಿ ವರದಿ ಬರೆಯಲೇಬೇಕು. ತರಬೇತಿಗೆ ಸೇರುವಾಗಲೇ ಪ್ರತಿಯೊಬ್ಬನೂ ತನ್ನ ಜೀವನ ವೃತ್ತಾಂತವನ್ನು ಸ್ವಂತ ಕೈಯಲ್ಲಿ ಬರೆದುಕೊಡಬೇಕು. ಮದುವೆಯಾಗಲು ಕೂಡ ಸಮಿತಿಯ ಅಪ್ಪಣೆ ಬೇಕು, ಆ ಅಪ್ಪಣೆಗೂ ಕಾಗದ. ಇದೆಲ್ಲ ಕಡತಗಳಲ್ಲಿ ಸೇರಿ, ದೇಶವಾರು ವ್ಯಕ್ತಿವಾರು ಜೋಡಣೆಯಾಗಿ ಉಳಿದುಕೊಂಡಿತು. 2001ರಿಂದ 'ಮಿಷನ್ 21' ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಸಾವಿರಾರು ಹಳೆಯ ಫೋಟೋಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಮಂಗಳೂರಿನ ಹಂಚಿನ ಕಾರ್ಖಾನೆ, ನೇಯ್ಗೆಯ ಮಗ್ಗ, ಶಾಲೆಯ ಮಕ್ಕಳು, ಎಲ್ಲ ಇವೆ. ಮಕ್ಕಳಿಗೆ ಒಂದು ಭಾನುವಾರ ತೋರಿಸಿ.

ಇದರ ದೊಡ್ಡ ಗುಣವೆಂದರೆ ಅಚ್ಚಾದದ್ದೂ ಅಚ್ಚಾಗದ್ದೂ ಎರಡೂ ಇರುವುದು. ಮಿಷನ್ನು ತನ್ನ ಪತ್ರಿಕೆಗಳಲ್ಲಿ ಈ ವರದಿಗಳ ಆಯ್ದ ಭಾಗಗಳನ್ನು ಮುದ್ರಿಸುತ್ತಿತ್ತು. ಹಣ ಕೊಡುವ ಭಕ್ತರು ಓದುವ ಪತ್ರಿಕೆ ಅದು. ಸಂಪಾದಕರು ಯಾವುದನ್ನು ಆರಿಸುತ್ತಾರೆ, ಯಾವುದಕ್ಕೆ ಕತ್ತರಿ ಹಾಕುತ್ತಾರೆ ಎಂಬುದು ಪತ್ರಿಕೆ ನಡೆಸುವ ನಮಗೆಲ್ಲ ಗೊತ್ತಿದ್ದದ್ದೇ. ಮೂಲ ಕೈಬರಹ ಉಳಿದಿರುವುದರಿಂದ ಇಂದಿನ ಓದುಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಪಾದ್ರಿ ಬರೆದದ್ದೇನು, ಊರಿನವರಿಗೆ ತೋರಿಸಿದ್ದೇನು ಎಂಬ ಅಂತರ ಅಲ್ಲಿ ಗೊತ್ತಾಗುತ್ತದೆ. ತನ್ನನ್ನು ತಾನೇ ಪರೀಕ್ಷೆಗೆ ಒಡ್ಡಿಕೊಳ್ಳುವಂತೆ ಕಾಗದ ಉಳಿಸಿದ ಸಂಸ್ಥೆಯನ್ನು ಮೆಚ್ಚಲೇಬೇಕು.

ಕಿಟೆಲ್ಲರ ವಿಷಯವನ್ನೇ ನೋಡಿ. ನಮಗೆ ಅವರು ನಿಘಂಟಿನ ಕಿಟೆಲ್, ಬೆಂಗಳೂರಿನಲ್ಲಿ ಪ್ರತಿಮೆಯಾಗಿ ನಿಂತ ಕಿಟೆಲ್. ಆದರೆ ರೈನ್‌ಹಾರ್ಡ್ ವೆಂಡ್ಟ್ ಎಂಬ ಜರ್ಮನ್ ವಿದ್ವಾಂಸರು ಸಂಪಾದಿಸಿ 2006ರಲ್ಲಿ ಹೊರಬಂದ ಲೇಖನ ಸಂಗ್ರಹದ ಹೆಸರೇ ಬೇರೆ ಮಾತು ಹೇಳುತ್ತದೆ: ಮಿಷನರಿ ಕಿಟೆಲ್ಲರ ಆರಂಭದ ಸೋಲು ಮತ್ತು ಮರಣೋತ್ತರ ಗೆಲುವು. ನಾವು ಗೆದ್ದವರೆಂದು ಹಾರ ಹಾಕುವ ಮನುಷ್ಯ ತನ್ನವರ ನಡುವೆ ಸೋತವನೆನಿಸಿಕೊಂಡಿದ್ದ. ಇದು ಪ್ರತಿಮೆಯಿಂದ ತಿಳಿಯುವುದಿಲ್ಲ, ನಿಘಂಟಿನಿಂದಲೂ ತಿಳಿಯುವುದಿಲ್ಲ. ಕಾಗದಪತ್ರ ಇದ್ದದ್ದರಿಂದ ತಿಳಿಯಿತು.

ಕನ್ನಡದ ಸಂಶೋಧಕರೂ ಈ ಮೂಲಗಳ ಬೆಲೆ ಬಲ್ಲವರೇ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇರಬಹುದು. ಹತ್ತೊಂಬತ್ತನೆಯ ಶತಮಾನದ ಕನ್ನಡದ ಕಥೆಯನ್ನು ಅವರು ಕಟ್ಟಿದ್ದು ಇಂಥ ಹಳೆಯ ಮುದ್ರಣ, ವರದಿ, ದಾಖಲೆಗಳನ್ನು ಒಂದೊಂದಾಗಿ ಹುಡುಕಿ. ಅವರು ವೃತ್ತಿಯಿಂದ ಗ್ರಂಥಪಾಲಕರು ಎಂಬುದು ಆಕಸ್ಮಿಕವಲ್ಲ.

ಅದರ ದೋಷ

ಇನ್ನು ದೋಷ. ಮೂರನ್ನು ಹೇಳುತ್ತೇನೆ.

ಮೊದಲನೆಯದು, ಈ ಭಂಡಾರ ಮೇಲಿನವರಿಗೆ ಬರೆದ ಕಾಗದಗಳ ಭಂಡಾರ. ಮೇಲಧಿಕಾರಿಗೆ ಬರೆಯುವಾಗ ನಾವು ಯಾರೂ ಪೂರ್ತಿ ಮನಸ್ಸು ಬಿಚ್ಚುವುದಿಲ್ಲ. ಹೆಂಡತಿಗೆ ಬರೆದದ್ದು, ಅಣ್ಣನಿಗೆ ಬರೆದದ್ದು, ದಿನಚರಿ, ಪ್ರಸಂಗದ ಕರಡು ಇವೆಲ್ಲ ಸಾಮಾನ್ಯವಾಗಿ ಮನೆಯವರ ಪಾಲಾಗುತ್ತವೆ. ಮನೆಯವರು ಉಳಿಸಿದರೆ ಉಳಿಯಿತು, ಇಲ್ಲದಿದ್ದರೆ ಒಲೆಗೆ ಹೋಯಿತು. ಕಿಟೆಲ್ಲರ ಸಮಕಾಲೀನರಾದ ಹೆರ್ಮನ್ ಗುಂಡರ್ಟ್ (1814-1893) ಮಲಯಾಳಕ್ಕೆ ನಿಘಂಟು ಕೊಟ್ಟವರು, ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯ ತಂದೆ. ಅವರ ಸ್ವಂತ ಸಂಗ್ರಹದ ಕಟ್ಟುಗಳು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದವು. 1986ರ ಸುಮಾರಿಗೆ ಅವನ್ನು ಗುರುತಿಸಿದಾಗ 'ಪಯ್ಯನ್ನೂರ್ ಪಾಟ್ಟು' ಎಂಬ ಹಳೆಯ ಮಲಯಾಳ ಕಾವ್ಯದ ಪ್ರತಿಯೂ ಅದರೊಳಗೆ ಸಿಕ್ಕಿತು. ಒಂದು ಭಾಷೆಯ ಹಳೆಯ ಕಾವ್ಯ ಒಬ್ಬ ಪಾದ್ರಿಯ ಗಂಟಿನಲ್ಲಿ ಉಳಿದಿತ್ತು! 2018ರಲ್ಲಿ ಆ ಸಂಗ್ರಹ ಗಣಕೀಕೃತವಾಗಿ ಎಲ್ಲರಿಗೂ ತೆರೆಯಿತು. ಮಲಯಾಳಿ ಗೆಳೆಯರು ಈ ಕೆಲಸಕ್ಕೆ ಪಟ್ಟ ಶ್ರದ್ಧೆ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯ ದೋಷ, ಹೆಂಗಸರು ಕಾಣದಿರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಡನ ಹಿಂದೆ ಬಂದ ಹೆಂಡತಿಗೆ ಕಚೇರಿಯಲ್ಲಿ ಸ್ವಂತ ದನಿಯಿಲ್ಲ. ಅವಳ ವಿಷಯ ಗಂಡನ ಕಡತದೊಳಗೆ. ಹೆಣ್ಣುಮಕ್ಕಳ ಶಾಲೆ ನಡೆಸಿದವರು, ಕಾಲರಾದಲ್ಲಿ ಮಕ್ಕಳನ್ನು ಕಳೆದುಕೊಂಡವರು, ಆರು ವರ್ಷದ ಮಗುವನ್ನು ಓದಿಗೆಂದು ಯುರೋಪಿಗೆ ಕಳಿಸಿ ಮತ್ತೆ ನೋಡದೇ ಹೋದವರು ಎಷ್ಟೋ ಮಂದಿ. ದಾಗ್ಮಾರ್ ಕೊನ್ರಾಡ್ ಎಂಬ ಜರ್ಮನ್ ವಿದುಷಿ ಈ ಮಿಷನ್ನಿನ ವಧುಗಳ ಮೇಲೆ 2001ರಲ್ಲಿ ಪುಸ್ತಕ ಬರೆದರು. ಅದಕ್ಕೆ ಅವರು ಮೊರೆಹೋಗಬೇಕಾದದ್ದು ಮನೆತನಗಳಲ್ಲಿ ಉಳಿದಿದ್ದ ಪತ್ರ ಮತ್ತು ದಿನಚರಿಗಳಿಗೆ. ಮೊಮ್ಮಕ್ಕಳು ಅಟ್ಟ ಗುಡಿಸಿದ್ದರೆ ಆ ಪುಸ್ತಕವೇ ಇಲ್ಲ.

ಮೂರನೆಯದು ನಮಗೆ ಹತ್ತಿರದ್ದು. ಬಿಳಿಯ ಪಾದ್ರಿಯ ಕಡತವಿದೆ, ಕನ್ನಡದ ಪಾದ್ರಿಯ ಕಡತ ತೆಳ್ಳಗೆ. ಆನಂದರಾವ್ ಕೌಂಡಿನ್ಯರಂಥ ಕೆಲವರು ಇದಕ್ಕೆ ಹೊರತು. ಸಾರಸ್ವತ ಬ್ರಾಹ್ಮಣ ಮನೆತನದ ಅವರು 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತರಾಗಿ, ಮೋಗ್ಲಿಂಗರೊಂದಿಗೆ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಬಂದವರು. ಬಾಸೆಲ್ಲಿನ ವಿದ್ಯಾರ್ಥಿಯಾದ್ದರಿಂದ ಅಲ್ಲಿಯ ದಾಖಲೆಯೊಳಗೆ ಅವರಿಗೆ ಜಾಗ. ಆದರೆ ಹಳ್ಳಿಹಳ್ಳಿ ತಿರುಗಿದ ಉಪದೇಶಿಗಳು, ಧಾರವಾಡ ಹುಬ್ಬಳ್ಳಿ ಗದಗ ಸೀಮೆಯ ಸಭಾಪಾಲಕರು, ಮಿಷನರಿಗೆ ಕನ್ನಡ ಕಲಿಸಿದ ಮುನಷಿಗಳು? ಅವರು ಬಹುಮಟ್ಟಿಗೆ ಬೇರೆಯವರ ವರದಿಯೊಳಗಿನ ಒಂದು ಸಾಲು. ಕೆಲವೊಮ್ಮೆ ಹೆಸರೂ ಇಲ್ಲ.

ಈ ತೆಳ್ಳಗಿನ ಕಡತ ಎಷ್ಟು ದೊಡ್ಡ ನಷ್ಟ ಎಂದು ತಿಳಿಯಲು ಒಂದು ಹೆಸರು ಸಾಕು: ರೆವರೆಂಡ್ ಉತ್ತಂಗಿ ಚನ್ನಪ್ಪ (1881-1962). ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ತಿರುಗಿ, ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ, ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಮುಂದೆ ಶರಣರ ವಚನಗಳ ಸಂಪಾದನೆಗೂ ಕೈಹಾಕಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇವತ್ತು ನಮ್ಮ ಮಕ್ಕಳು ಕನ್ನಡ ಶಾಲೆಯ ವೇದಿಕೆಯ ಮೇಲೆ ಸರ್ವಜ್ಞನ ಮೂರು ಸಾಲು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರಲ್ಲ, ಆ ತ್ರಿಪದಿ ಅವರ ಬಾಯಿಗೆ ಬಂದ ದಾರಿಯಲ್ಲಿ ಒಬ್ಬ ಪಾದ್ರಿಯ ನೋಟು ಪುಸ್ತಕವಿದೆ. ಅಚ್ಚಿಗೆ ಬಂದದ್ದು ಫಲ. ಯಾವ ತ್ರಿಪದಿ ಯಾವ ಊರಲ್ಲಿ ಯಾರ ಬಾಯಿಂದ ಬಂತು, ಯಾವುದನ್ನು ಅನುಮಾನಿಸಿ ಬಿಟ್ಟರು ಎಂಬ ದಾರಿ ಕಾಣುವುದು ಟಿಪ್ಪಣಿಗಳಲ್ಲಿ, ಕಾಗದಗಳಲ್ಲಿ. ಅವ್ವಾರ ಅಜ್ಜನ ಒಂದು ಪ್ರಸಂಗದ ನಡುವೆಯೂ ಸರ್ವಜ್ಞನ ಒಂದು ತ್ರಿಪದಿ ಬರೆದಿತ್ತು. ಉತ್ತಂಗಿಯವರ ಪುಸ್ತಕ ನೋಡಿ ಬರೆದುಕೊಂಡರೋ, ಊರಿನವರಿಂದ ಕೇಳಿ ಬರೆದುಕೊಂಡರೋ? ಪಕ್ಕದಲ್ಲಿ ತಾರೀಖಿದೆ. ಇಂಥ ಹತ್ತು ಪುಸ್ತಕ ಒಂದೆಡೆ ಸೇರಿದರೆ ಯಾರಾದರೂ ಉತ್ತರ ಹುಡುಕಿಯಾರು.

ನಾಲ್ಕನೆಯ ತೊಡಕನ್ನು ದೋಷ ಎನ್ನಲಾರೆ. ಬಾಸೆಲ್ಲಿನ ಹಳೆಯ ಕಾಗದಗಳು ಜರ್ಮನ್ ಭಾಷೆಯಲ್ಲಿವೆ, ಅದೂ 'ಕುರೆಂಟ್' ಎಂಬ ಹಳೆಯ ಓಡುಬರಹದಲ್ಲಿ. ಇಂದಿನ ಜರ್ಮನರಿಗೇ ಅದು ಓದಲು ಬಾರದು. ನಮ್ಮ ಮೋಡಿ ಲಿಪಿಯ ಹಾಗೆ. ಕನ್ನಡ, ಜರ್ಮನ್, ಆ ಲಿಪಿ ಮೂರನ್ನೂ ಬಲ್ಲವರು ಬೆರಳೆಣಿಕೆ.

ಟೆಕ್ಸಸ್‌ನಲ್ಲಿ ನೋಡಿದ್ದು

ಇಷ್ಟು ದೂರದ ಮಾತಾಯಿತು. ನಾವಿರುವ ಮೂರು ಊರುಗಳಲ್ಲೇ ಈ ವಿದ್ಯೆ ಬಲ್ಲವರಿದ್ದಾರೆ. ಡಾಲಸ್‌ನಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಬ್ರಿಡ್ವೆಲ್ ಗ್ರಂಥಾಲಯವಿದೆ. ಅಲ್ಲೇ ಪಾಠ ಹೇಳಿದ ಮೆಥಡಿಸ್ಟ್ ಪಾದ್ರಿ ಮತ್ತು ಪಂಡಿತ ಆಲ್ಬರ್ಟ್ ಔಟ್ಲರ್ (1908-1989) ಅವರ ಕಾಗದಪತ್ರ ಅಲ್ಲಿದೆ. ಆಸ್ಟಿನ್‌ನಲ್ಲಿ 1902ರಲ್ಲಿ ಶುರುವಾದ ಪ್ರೆಸ್ಬಿಟೇರಿಯನ್ ಸೆಮಿನರಿಗೆ ತನ್ನದೇ ಪತ್ರಾಗಾರವಿದೆ. ಇಡೀ ದೇಶದ ಎಪಿಸ್ಕೋಪಲ್ ಚರ್ಚಿನ ಪತ್ರಾಗಾರವೂ ದಶಕಗಳ ಕಾಲ ಆಸ್ಟಿನ್‌ನಲ್ಲಿಯೇ ನೆಲೆಸಿತ್ತು.

ಹ್ಯೂಸ್ಟನ್ನಿನ ಉದಾಹರಣೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಜಾಕ್ ಯೇಟ್ಸ್ ಹೆಸರಿನ ಹೈಸ್ಕೂಲು ನಿಮಗೆ ಗೊತ್ತು. ರೆವರೆಂಡ್ ಯೇಟ್ಸ್ (1828-1897) ಗುಲಾಮರಾಗಿ ಹುಟ್ಟಿ, ಬಿಡುಗಡೆ ಪಡೆದು, ಆಂಟಿಯೋಕ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾದವರು. 1872ರಲ್ಲಿ ಕಪ್ಪು ಜನ ದುಡ್ಡು ಕೂಡಿಸಿ ಎಮಾನ್ಸಿಪೇಷನ್ ಪಾರ್ಕಿನ ಜಾಗ ಕೊಂಡಾಗ ಮುಂದೆ ನಿಂತವರು. ಅವರ ಕುಟುಂಬದ ಮತ್ತು ಚರ್ಚಿನ ಕಾಗದಪತ್ರಗಳ ಸಂಗ್ರಹ ಸೇರಿದ್ದು ಹ್ಯೂಸ್ಟನ್ ಸಾರ್ವಜನಿಕ ಗ್ರಂಥಾಲಯಕ್ಕೆ. ಓದು ಬರಹ ಕಲಿಯುವುದೇ ಕಷ್ಟವಾಗಿದ್ದ ಜನ ಕಾಗದವನ್ನು ಇಷ್ಟು ಜೋಪಾನ ಮಾಡಿದರು. ಎಂಜಿನಿಯರು ಡಾಕ್ಟರುಗಳಿಂದ ತುಂಬಿದ ನಮ್ಮ ಸಂಘಕ್ಕೆ ನೆಪ ಹೇಳಲು ಬಾಯಿಲ್ಲ.

ಈ ಸ್ಥಳಗಳ ರೀತಿ ನೋಡಿದಾಗ ಕೆಲವು ಸಂಗತಿ ತಿಳಿಯುತ್ತವೆ. ಸಭೆಯ ನಡಾವಳಿ, ದೀಕ್ಷಾಸ್ನಾನದ ಮತ್ತು ಮದುವೆಯ ರಿಜಿಸ್ಟರು ಚರ್ಚಿನ ಸೊತ್ತು. ಪ್ರಸಂಗ, ದಿನಚರಿ, ಪತ್ರ ಪಾದ್ರಿಯ ಮನೆಯವರದು. ಎರಡೂ ಒಂದೇ ಟ್ರಂಕಿನಲ್ಲಿ ಬೆರೆತಿರುವುದುಂಟು, ಬೇರ್ಪಡಿಸಿ ಕೇಳಬೇಕು. ಕೊಡುವಾಗ ದಾನಪತ್ರ ಬರೆಯುತ್ತಾರೆ: ಯಾರು ಕೊಟ್ಟರು, ನಕಲು ಮಾಡುವ ಹಕ್ಕು ಯಾರದು, ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು ಎಂದು. ಬರೆದವರು ಜೋಡಿಸಿಟ್ಟ ಕ್ರಮವನ್ನು ಕೆಡಿಸುವುದಿಲ್ಲ, ಏಕೆಂದರೆ ಆ ಕ್ರಮವೂ ಏನನ್ನೋ ಹೇಳುತ್ತದೆ.

ಈ ಪತ್ರಾಗಾರಗಳಲ್ಲೂ ಒಂದು ಕೊರತೆ. ಪ್ರಸಿದ್ಧರು, ಪ್ರಾಧ್ಯಾಪಕರು, ಬಿಷಪ್ಪರು ಸುಲಭವಾಗಿ ಒಳಗೆ ಬರುತ್ತಾರೆ. ಸಣ್ಣ ಊರಿನ ಪಾದ್ರಿಯ ಪೆಟ್ಟಿಗೆ ಬಾಗಿಲಲ್ಲೇ ನಿಲ್ಲುವ ಅಪಾಯ ಇದ್ದೇ ಇದೆ; ಜಾಗಕ್ಕೂ ಸಂಬಳಕ್ಕೂ ಹಣ ಬೇಕಲ್ಲ. ಆದರೆ ಹನ್ನೊಂದು ಜನರೆದುರು ಮಳೆಯಲ್ಲಿ ಪ್ರಸಂಗ ಮಾಡಿದವರ ಪುಸ್ತಕವೇ ಜನಜೀವನವನ್ನು ಹೆಚ್ಚು ಹೇಳುತ್ತದೆ ಎಂದು ನನ್ನ ಎಣಿಕೆ.

ಹಾಗಾದರೆ ಅವ್ವಾರ ಟ್ರಂಕು ಎಲ್ಲಿಗೆ ಹೋಗಬೇಕು? ಆಸ್ಟಿನ್ ಹತ್ತಿರ, ಎರಡೂವರೆ ಮೂರು ಗಂಟೆಯ ದಾರಿ. ತಂಪು ಕೋಣೆ, ತರಬೇತಾದ ಜನ. ಆದರೆ ಕನ್ನಡದ ನೋಟು ಪುಸ್ತಕ ಅಲ್ಲಿ ಯಾರಿಗಾಗಿ ಕಾಯಬೇಕು? ಮಂಗಳೂರಿನ ಬಲ್ಮಠದಲ್ಲಿ, 1847ರಲ್ಲಿ ಸೆಮಿನರಿ ಶುರುವಾದ ಗುಡ್ಡದ ಮೇಲೆಯೇ, ಕರ್ನಾಟಕ ಥಿಯಲಾಜಿಕಲ್ ಕಾಲೇಜಿದೆ (1965). ಬಾಸೆಲ್ ಮಿಷನ್ನಿಗೆ ಸಂಬಂಧಿಸಿದ ಪತ್ರಾಗಾರ ಅಲ್ಲಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಪತ್ರಾಗಾರವಿದೆ. ಮೂಲ ಪ್ರತಿ ಭಾಷೆ ಬಲ್ಲವರ ನಡುವೆ ಇರಲಿ, ಸ್ಕ್ಯಾನು ಮಾಡಿದ ಪ್ರತಿ ಇಲ್ಲೂ ಇರಲಿ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಿರಿ.

ಕಪ್ಪು ರಟ್ಟಿನ ಪುಸ್ತಕ

ಈಗ ಆ ಸಣ್ಣ ಪುಸ್ತಕ. ಅದರಲ್ಲಿ ಇದ್ದದ್ದು ಸಭಾಶಿಸ್ತಿನ ಟಿಪ್ಪಣಿ. ಯಾರು ಕುಡಿದು ಜಗಳವಾಡಿದರು, ಯಾರ ಮನೆಯಲ್ಲಿ ಗಂಡ ಹೆಂಡತಿ ಬೇರೆಯಾದರು, ಯಾರನ್ನು ಎಷ್ಟು ತಿಂಗಳು ಕರ್ತನ ಭೋಜನದಿಂದ ಹೊರಗಿಟ್ಟರು ಎಂದು ಹೆಸರು ಸಮೇತ. ಓದುತ್ತಾ ಅವ್ವಾರ ಮುಖ ಸಪ್ಪಗಾಯಿತು. "ಇದನ್ನ ಸುಟ್ಟ ಬಿಡ್ರಿ. ಇವರ ಮೊಮ್ಮಕ್ಕಳು ನನ್ನ ಜೋಡಿ ಸಾಲಿ ಕಲತಾರ" ಎಂದರು.

ಇಲ್ಲಿ ನನ್ನ ವಿಮರ್ಶೆಯ ಜಾಣತನವೆಲ್ಲ ನಿಂತುಹೋಯಿತು. ಕಾಗದ ಉಳಿಸಬೇಕು ಎನ್ನುವುದು ಸುಲಭ. ಆದರೆ ಪಾದ್ರಿಯ ಬಳಿ ಜನ ನಂಬಿ ಹೇಳಿದ ಮಾತಿಗೆ ಒಡೆಯರು ಯಾರು? ಬರೆದವರೇ, ಹೇಳಿದವರೇ, ಇಬ್ಬರ ಮೊಮ್ಮಕ್ಕಳೇ? ಇತಿಹಾಸಕಾರನಿಗೆ ಆ ಪುಸ್ತಕ ಬಂಗಾರ. ಒಂದು ಸಣ್ಣ ಸಭೆ ತನ್ನವರನ್ನು ಹೇಗೆ ದಂಡಿಸಿತು, ಹೇಗೆ ಮತ್ತೆ ಒಳಗೆ ಕರೆದುಕೊಂಡಿತು ಎಂಬುದು ಬೇರೆ ಎಲ್ಲಿಯೂ ಸಿಗದು. ಆದರೂ ಒಬ್ಬರ ಮನೆಯ ನೋವನ್ನು ಇನ್ನೊಬ್ಬರ ಪ್ರಬಂಧಕ್ಕೆ ಕೊಡುವುದು ಸರಿಯೆಂದು ನನಗೆ ಅನ್ನಿಸಲಿಲ್ಲ.

ಸುಡುವುದೂ ಸರಿಯಲ್ಲ ಎಂದು ಹೇಳಲು ನನಗೆ ಒಂದು ಕಾರಣವಿತ್ತು. ಅದನ್ನು ಅವ್ವಾರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ನಮ್ಮ ಅಜ್ಜ ಮಲೆನಾಡಿನಲ್ಲಿ ಶಾನುಭೋಗರು. ಅವರ ಹಿಂದಿನವರ ಕಾಲದ ಕಡತಗಳು ಮನೆಯಲ್ಲಿದ್ದವು. ಹುಣಿಸೆ ಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆದ ಕಡತ. ಮನೆ ಮಾರುವಾಗ ನಾನು ಹದಿನೈದು ದಿನದ ರಜೆಯಲ್ಲಿ ಹೋಗಿದ್ದೆ. ಯಾರದೋ ಸಾಲ, ಯಾರದೋ ಗಡಿ ಜಗಳ, ಇನ್ನು ಯಾಕೆ ಎಂದು ನಾನೇ ಹಿತ್ತಲಲ್ಲಿ ಬೆಂಕಿಗೆ ಹಾಕಿದೆ. ಎರಡು ದಿನ ಹೊಗೆಯಾಡಿತು. ಆಮೇಲೆ ಮಗಳು ಕಾಲೇಜಿನಲ್ಲಿ ಮನೆತನದ ಚರಿತ್ರೆ ಬರೆಯಬೇಕಾಗಿ ಬಂದು, "ನಮ್ಮ ಹತ್ತಿರ ಏನಿದೆ ಅಪ್ಪಾ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮುಚ್ಚಿಟ್ಟದ್ದನ್ನು ಮುಂದೆ ಯಾರಾದರೂ ತೆರೆಯಬಹುದು. ಸುಟ್ಟದ್ದನ್ನು ಏನು ಮಾಡಿದರೂ ತರಲಾಗದು.

ಪತ್ರಾಗಾರದವರಿಗೆ ಈ ಕಷ್ಟ ಹೊಸತಲ್ಲ. ಇಂಥದನ್ನು ಮೊಹರು ಮಾಡಿ, ಇಷ್ಟು ವರ್ಷ ಯಾರೂ ತೆರೆಯಬಾರದು ಎಂದು ದಾನಪತ್ರದಲ್ಲಿ ಬರೆಸುವ ಪದ್ಧತಿ ಇದೆ. ಅವ್ವಾರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, "ನನ್ನ ಮೊಮ್ಮಗಳು ಅಜ್ಜಿ ಆಗೂತನಕ ತೆಗೀಬ್ಯಾಡ್ರಿ ಅಂತ ಬರೀರಿ" ಎಂದರು. ಕಾನೂನಿನ ಭಾಷೆಗೆ ವರ್ಷದ ಲೆಕ್ಕ ಬೇಕು. ಅರವತ್ತು ಎಂದು ಬರೆದೆವು.

ಮನೆಯಲ್ಲಿ ಮಾಡಬಹುದಾದ್ದು

ಕೊನೆಯಲ್ಲಿ ಕೆಲಸಕ್ಕೆ ಬರುವ ನಾಲ್ಕು ಮಾತು. ಇದು ಪಾದ್ರಿಗಳ ಮನೆಗೆ ಮಾತ್ರವಲ್ಲ, ಪುರೋಹಿತರು, ಮೇಷ್ಟರು, ಶಾನುಭೋಗರು, ಹಾಡು ಬರೆದ ಅಜ್ಜಿಯರು ಇದ್ದ ಎಲ್ಲ ಮನೆಗಳಿಗೂ.

ಟೆಕ್ಸಸ್ಸಿನ ಗ್ಯಾರೇಜು ಮತ್ತು ಅಟ್ಟ ಕಾಗದಕ್ಕೆ ಸ್ಮಶಾನ. ಬೇಸಗೆಯ ಬಿಸಿಗೆ ಕಾಗದ ಹಪ್ಪಳವಾಗುತ್ತದೆ, ಹ್ಯೂಸ್ಟನ್ನಿನ ತೇವಕ್ಕೆ ಬೂಸ್ಟು ಹಿಡಿಯುತ್ತದೆ. 2001ರ ಆಲಿಸನ್, 2017ರ ಹಾರ್ವಿ ಪ್ರವಾಹಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. 2021ರ ಫೆಬ್ರವರಿಯ ಹಿಮದಲ್ಲಿ ಡಾಲಸ್ ಆಸ್ಟಿನ್ ಮನೆಗಳ ನಲ್ಲಿಯ ಕೊಳವೆ ಒಡೆದು ಸೂರಿನಿಂದ ನೀರು ಸುರಿಯಿತು. ಆದ್ದರಿಂದ ಮನೆಯೊಳಗಿನ ಬಟ್ಟೆಯ ಕ್ಲಾಸೆಟ್ಟಿನಲ್ಲಿ, ನೆಲಕ್ಕೆ ತಾಗದಂತೆ ಇಡಿ. ಆಮ್ಲವಿಲ್ಲದ ಕಾಗದದ ಪೆಟ್ಟಿಗೆಗಳು ಸಿಗುತ್ತವೆ. ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಸೆಲ್ಲೊಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಫೋಟೋದ ಹಿಂದೆ ಮೆತ್ತನೆ ಪೆನ್ಸಿಲಿನಿಂದ ಹೆಸರು, ಊರು ಬರೆಯಿರಿ. ಬಾಲ್ ಪೆನ್ನು ಬೇಡ. ಒದ್ದೆಯಾದರೆ ಬಿಸಿಲಿಗೆ ಹರಡದೆ, ಎರಡು ದಿನ ಕಳೆಯುವುದರೊಳಗೆ ಫ್ರೀಜರಿನಲ್ಲಿ ಇಟ್ಟು ಬಲ್ಲವರನ್ನು ಕೇಳಿ. ಪ್ರಸಂಗವೋ ಹಾಡೋ ತುಂಬಿದ ಹಳೆಯ ಕ್ಯಾಸೆಟ್ಟುಗಳನ್ನು ಈಗಲೇ ಕಂಪ್ಯೂಟರಿಗೆ ಇಳಿಸಿ. ಟೇಪು ಕಾಗದದಷ್ಟು ಬಾಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಪೋಸ್ಟ್ ಕಾರ್ಡಿನಲ್ಲಿ ಬರೀ 'ನಿಮ್ಮ ತಮ್ಮ' ಎಂದು ಸಹಿ ಇದ್ದರೆ ಅದು ಯಾವ ತಮ್ಮ ಎಂದು ಯಾವ ಪತ್ರಾಗಾರವೂ ಹೇಳಲಾರದು.

ಕಳೆದ ವಾರ ಅವ್ವಾರ ಹೊಸ ಮನೆಗೆ ಹೋಗಿದ್ದೆ. ಟ್ರಂಕುಗಳು ಗ್ಯಾರೇಜು ಬಿಟ್ಟು ಅವರ ಮಲಗುವ ಕೋಣೆಗೆ ಬಂದಿವೆ. ಮಂಗಳೂರಿಗೆ ಕಾ​ಗದ ಬರೆಯುವುದು ಇನ್ನೂ ಬಾಕಿ. ಹನ್ನೆರಡು ವರ್ಷದ ಮೊಮ್ಮಗಳು ನೆಲದ ಮೇಲೆ ಕುಳಿತು, ಅಜ್ಜಿ ಹೇಳಿದಂತೆ ಒಂದೊಂದು ಕಟ್ಟಿಗೂ ಪೆನ್ಸಿಲಿನಿಂದ ಚೀಟಿ ಬರೆಯುತ್ತಿದ್ದಳು. ಕನ್ನಡ ಶಾಲೆಯಲ್ಲಿ ಕಲಿತ ದೊಡ್ಡ ದೊಡ್ಡ ಅಕ್ಷರ, ಒತ್ತಕ್ಷರದಲ್ಲಿ ತಪ್ಪು. ತಿದ್ದಲು ಹೊರಟೆ. "ಇರಲಿ ಬಿಡ್ರಿ, ಅದೂ ಹಂಗ ಇರಲಿ" ಎಂದರು ಅವ್ವಾರು.